ಕುರ್ಚಿಯಲ್ಲಿ ಆಡಿದ ಮಾತು

ಮದುವೆಯಾದಾಗಿನಿಂದ ಕ್ಷೌರಿಕನಿಗೆ ಹೆಂಡತಿಯ ಮೇಲೆ ಇದ್ದದ್ದು ಒಂದೇ ದೂರು. ಅವಳು ಅವನ ಮಾತಿಗೆ ಕಿವಿಗೊಡುತ್ತಿರಲಿಲ್ಲ. ಬೆಳಗಿನಿಂದ ಅಂಗಡಿಯಲ್ಲಿ ನಿಂತು, ಊರಿನ ಅರ್ಧ ಗಂಡಸರ ತಲೆಗಳನ್ನು ಕೈಯಲ್ಲಿ ಹಿಡಿದು, ಆ ತಲೆಗಳೊಳಗಿನ ಮಾತನ್ನೆಲ್ಲ ಕೇಳಿಸಿಕೊಂಡು ಬಂದವನಿಗೆ ಊಟದ ಹೊತ್ತಿಗೆ ಅದನ್ನು ಯಾರಿಗಾದರೂ ಹೇಳದಿದ್ದರೆ ತುತ್ತು ಇಳಿಯುತ್ತಿರಲಿಲ್ಲ. ಹೆಂಡತಿ ಆಗ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿದ್ದಳು. "ನಾನೂ ಬೆಳಗ್ಗಿಂದ ಜನರ ಬಾಯಿಗೆ ಸಿಕ್ಕಿ ಬಂದಿದೀನಿ. ನಿಮ್ಮ ಪುರಾಣ ನಾಳೆಗಿರಲಿ" ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಆ ನಾಳೆ ಬಂದದ್ದೇ ಇಲ್ಲ.

ಗಣಿ ಕಂಪನಿ ಸೇರಿದ ಮೇಲೆ ಅವಳು ಬದಲಾದಳು.

ಊರಿನ ಹಿಂದಿನ ಗುಡ್ಡದಲ್ಲಿ ತಾಮ್ರವಿತ್ತು. ಅದನ್ನು ಅಗೆಯಲು ಸರ್ಕಾರ ಕಂಪನಿಗೆ ಪರವಾನಗಿ ಕೊಟ್ಟಿತ್ತು. ಆದರೆ ಇದೇ ಕಂಪನಿ ಇನ್ನೆಲ್ಲೋ ಒಂದೂರಿನಲ್ಲಿ ಜನರನ್ನು ಕೇಳದೆ ಅಗೆಯಲು ಹೋಗಿ, ಜನ ರಸ್ತೆಗೆ ಅಡ್ಡ ಮಲಗಿ, ಯಂತ್ರಗಳೆಲ್ಲ ನಿಂತಲ್ಲೇ ತುಕ್ಕು ಹಿಡಿದಿದ್ದವಂತೆ. ಒಮ್ಮೆ ಕೈ ಸುಟ್ಟುಕೊಂಡವರು ಈ ಸಲ ಊರಿನ ಒಪ್ಪಿಗೆಯನ್ನು ಮೊದಲೇ ಸಂಪಾದಿಸಿಕೊಳ್ಳಲು ಹೊರಟಿದ್ದರು. ಅದಕ್ಕೆ ಊರಿನವರೇ ಆದ, ಮಾತು ಬಲ್ಲ ಒಬ್ಬರು ಬೇಕಿತ್ತು. ಟಿಕೆಟ್ ಕೌಂಟರಿನಲ್ಲಿ ಜಗಳಗಂಟರನ್ನೂ ನಗಿಸಿ ಕಳಿಸುತ್ತಿದ್ದವಳು ಅವರ ಕಣ್ಣಿಗೆ ಬಿದ್ದಳು. ಜನಸಂಪರ್ಕ ಅಧಿಕಾರಿ ಎಂಬ ಹೆಸರು, ಕೊರಳಿಗೊಂದು ಗುರುತಿನ ಚೀಟಿ, ಹಿಂದಿಗಿಂತ ದುಪ್ಪಟ್ಟು ಸಂಬಳ.

"ಪರವಾನಗಿ ಸರ್ಕಾರ ಕೊಡುತ್ತೆ, ಒಪ್ಪಿಗೆ ಮಾತ್ರ ಮನೆಮನೆಯಿಂದ ಬರಬೇಕು" ಎಂದು ಅವಳು ಮೊದಲ ದಿನ ಬಂದು ವಿವರಿಸಿದಳು. "ಜನಕ್ಕೆ ಏನು ಬೇಕು, ಏನು ಭಯ, ಅದನ್ನ ಕೇಳಿಸ್ಕೊಳ್ಳೋದೇ ನನ್ನ ಕೆಲಸ."

"ಕೇಳಿಸ್ಕೊಳ್ಳೋದಕ್ಕೂ ಸಂಬಳ ಉಂಟಾ?" ಎಂದ ಮಾವ. "ಹಾಗಾದ್ರೆ ನನಗೆ ಐವತ್ತು ವರ್ಷದ ಬಾಕಿ ಬರಬೇಕಲ್ಲಮ್ಮ!"

ಮಾವನೆಂದರೆ ಕ್ಷೌರಿಕನ ಅಪ್ಪ. ಅಂಗಡಿ ಹಾಕಿದವನು ಅವನೇ. ಕೈ ನಡುಗತೊಡಗಿದ ಮೇಲೆ ಕತ್ತಿಯನ್ನು ಮಗನಿಗೆ ಕೊಟ್ಟು, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಬಿದ್ದ ಕೂದಲು ಗುಡಿಸುತ್ತಿದ್ದ. ಮನೆಯಲ್ಲಿ ಇನ್ನೊಬ್ಬಳಿದ್ದಳು, ಹೈಸ್ಕೂಲಿಗೆ ಹೋಗುವ ಮಗಳು. ಇಷ್ಟೇ ಸಂಸಾರ. ಎರಡು ಕೋಣೆ, ಒಂದು ಅಡುಗೆಮನೆ, ನಾಲ್ವರು ಕೂತರೆ ಮೊಣಕೈ ತಾಗುವ ಊಟದ ಮೇಜು.

ಆ ಮೇಜಿನ ಮುಂದೆಯೇ ಒಂದು ಸಂಜೆ ಹೆಂಡತಿ ಅನ್ನ ಬಡಿಸುತ್ತ, "ಇವತ್ತು ಅಂಗಡಿಗೆ ಯಾರ್ಯಾರು ಬಂದಿದ್ರು?" ಎಂದಳು.

ಕ್ಷೌರಿಕನಿಗೆ ನೀರು ನೆತ್ತಿಗೇರಿತು. ಕೆಮ್ಮು ನಿಂತ ಮೇಲೆ ಶುರುಮಾಡಿದವನು ಆಲೂಗಡ್ಡೆ ಪಲ್ಯ ತಣ್ಣಗಾಗುವ ತನಕ ನಿಲ್ಲಿಸಲಿಲ್ಲ. ಅನುಕರಣೆಯಲ್ಲಿ ಅವನದು ಎತ್ತಿದ ಕೈ. ಹಾಲಿನವನು ಮೂಗಿನಲ್ಲಿ ಮಾತಾಡುವುದು, ಲಾರಿ ಡ್ರೈವರು ಪ್ರತಿ ಮಾತಿಗೂ ತೊಡೆ ತಟ್ಟುವುದು, ಎಲ್ಲವನ್ನೂ ಮಾಡಿ ತೋರಿಸಿದ. ಮಗಳು ಬಿದ್ದು ಬಿದ್ದು ನಕ್ಕಳು. ಹೆಂಡತಿ ಗಲ್ಲಕ್ಕೆ ಕೈಕೊಟ್ಟು ಮೈಯೆಲ್ಲ ಕಿವಿಯಾಗಿ ಕೂತಿದ್ದಳು. ಇಷ್ಟು ವರ್ಷಗಳಲ್ಲಿ ಅವನು ಅವಳನ್ನು ಹಾಗೆ ನೋಡಿರಲೇ ಇಲ್ಲ.

"ಹಾಲಿನವನು ಏನಂದ, ಇನ್ನೊಂದ್ಸಲ ಹೇಳಿ?"

"ಗುಡ್ಡದ ಮೇಲೆ ಪರೀಕ್ಷೆಗೆ ಅಂತ ತಂದ ಆ ಕೊರೆಯೋ ಯಂತ್ರ ಶುರುವಾದ್ರೆ ಹಸು ಬೆಚ್ಚಿ ಹಾಲು ಇಳಿಸೋದೇ ಇಲ್ವಂತೆ. ಕಂಪನಿಯವರನ್ನ ಕರಕೊಂಡು ಬಂದು ಕೆಚ್ಚಲ ಕೆಳಗೆ ಕೂರಿಸ್ತೀನಿ ಅಂತಾನೆ."

ಮರುವಾರ ಹಾಲು ಕರೆಯುವ ಹೊತ್ತಿಗೆ ಯಂತ್ರ ನಿಲ್ಲತೊಡಗಿತು. ಹಾಲಿನವನು ಕುರ್ಚಿಯಲ್ಲಿ ಕೂತು, "ಪರವಾಗಿಲ್ಲಪ್ಪ, ನಮ್ಮಂಥೋರ ಕಷ್ಟಾನೂ ಅವರಿಗೆ ಅರ್ಥ ಆಗುತ್ತೆ" ಎಂದ. ಕ್ಷೌರಿಕ ಕನ್ನಡಿಯಲ್ಲಿ ತನ್ನಷ್ಟಕ್ಕೆ ಹುಬ್ಬು ಹಾರಿಸಿದ. ಊರಿಗೆ ಉಪಕಾರ ಮಾಡಿದ ಹೆಮ್ಮೆ ಅವನದು.

ಆಮೇಲೆ ಲಾರಿ ಡ್ರೈವರಿನ ಅಳಿಯನಿಗೆ ಕಂಪನಿಯಲ್ಲಿ ಕೆಲಸವಾಯಿತು. ಕೆಲಸವಿಲ್ಲದ ಅಳಿಯ ಮನೆಯಲ್ಲಿ ಬಿದ್ದುಕೊಂಡಿದ್ದಾನೆಂದು ಡ್ರೈವರು ಹಲ್ಲು ಕಚ್ಚಿ ಹೇಳಿದ್ದು ಇದೇ ಕುರ್ಚಿಯಲ್ಲಿ. ಗಣಿ ಬೇಡವೆಂದು ತೊಡೆ ತಟ್ಟುತ್ತಿದ್ದ ಕೈ ತೆಪ್ಪಗಾಯಿತು. ಹೀಗೆ ಒಬ್ಬೊಬ್ಬರದೇ ತಕರಾರು ಕರಗುತ್ತ ಬಂತು. ಕರಗಿದಷ್ಟೂ ಕ್ಷೌರಿಕನಿಗೆ ಚಿಂತೆ ಹತ್ತಿತು, ಮನೆಗೆ ಒಯ್ಯಲು ಸುದ್ದಿ ಕಡಿಮೆಯಾಗುತ್ತಿತ್ತು. ಮೊದಲೆಲ್ಲ ಜನ ತಾವಾಗಿ ಆಡಿದ್ದನ್ನು ಕೇಳುತ್ತಿದ್ದವನು ಈಗ ಮುಖಕ್ಕೆ ಬಿಸಿ ಟವೆಲ್ ಹಾಕಿ, "ಗಣಿ ವಿಷಯ ಏನಂತೀರಿ?" ಎಂದು ತಾನೇ ಕೆದಕತೊಡಗಿದ. ನಾಚಿಕೆಗೇಡು ಶುರುವಾದದ್ದು ಅಲ್ಲಿಂದ. ಆಗ ಅದು ಅವನಿಗೆ ಹೊಳೆಯಲಿಲ್ಲ ಎಂದರೆ ನಂಬುವುದು ಕಷ್ಟ.

ಅಪ್ಪ ಒಂದು ದಿನ ಪೊರಕೆ ಗೋಡೆಗೆ ಒರಗಿಸಿ ಹೇಳಿದ. "ಅಂಗಡೀಲಿ ಆಡಿದ್ದನ್ನ ಮನೆಗೆ ತರಬೇಡ ಕಣೋ. ನಾನು ನಿಮ್ಮಮ್ಮನಿಗೂ ಹೇಳಿದವನಲ್ಲ."

"ಅಮ್ಮನಿಗೆ ಅದೆಲ್ಲ ಬೇಕಿರಲಿಲ್ಲ ಬಿಡಿ."

"ಬೇಕಿತ್ತು. ದಿನಾ ಪೀಡಿಸ್ತಿದ್ಲು. ಸಿಟ್ಟು ಮಾಡ್ಕೊಂಡು ಎಷ್ಟೋ ದಿನ ಮಾತು ಬಿಟ್ಟಿದ್ಲು. ಆದ್ರೂ ಹೇಳಲಿಲ್ಲ."

"ಕಾಲ ಬದಲಾಗಿದೆ ಅಪ್ಪಾ. ಇದ್ರಿಂದ ನಾಲ್ಕು ಜನಕ್ಕೆ ಒಳ್ಳೇದಾಗ್ತಿದೆ."

ಅಪ್ಪ ಮತ್ತೆ ಪೊರಕೆ ಎತ್ತಿಕೊಂಡ.

ಎದುರಿನ ಸೈಕಲ್ ಅಂಗಡಿಯವನನ್ನು ಊರೆಲ್ಲ ಪೆಡಲಣ್ಣ ಎನ್ನುತ್ತಿತ್ತು. ಕ್ಷೌರಿಕನಿಗೆ ಚಡ್ಡಿ ಹಾಕುವ ಕಾಲದಿಂದ ಗೆಳೆಯ. ವಾರಕ್ಕೊಮ್ಮೆ ಬಂದು ಕುರ್ಚಿಯಲ್ಲಿ ಕಾಲು ಚಾಚಿ, ಶೇವ್ ಮಾಡಿಸಿಕೊಂಡು, ದುಡ್ಡಿನ ಬದಲು ಎರಡು ಬೈಗುಳ ಕೊಟ್ಟು ಹೋಗುವವನು. ಗಣಿಯ ವಿಷಯದಲ್ಲಿ ಕರಗದೆ ಉಳಿದವನು ಅವನೊಬ್ಬನೇ. ಅವನ ತಕರಾರು ಕೆಲಸಕ್ಕಾಗಿಯೂ ಅಲ್ಲ, ದುಡ್ಡಿಗಾಗಿಯೂ ಅಲ್ಲ. ಅದಿರು ತೊಳೆದ ಕೆಸರನ್ನು ನಿಲ್ಲಿಸಲು ಕಂಪನಿಯವರು ಗುಡ್ಡದ ಮೇಲೆ ಒಂದು ದೊಡ್ಡ ಕಟ್ಟೆ ಕಟ್ಟುವವರಿದ್ದರು. ಆ ಕಟ್ಟೆಯ ನೇರ ಕೆಳಗೆ ಬರುವುದು ಕೆಳಗಿನ ಬೀದಿ. ಪೆಡಲಣ್ಣನ ಮನೆ, ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ, ಅಕ್ಕಪಕ್ಕದ ಮಕ್ಕಳು ಮರಿ, ಎಲ್ಲ ಇದ್ದದ್ದು ಅಲ್ಲೇ. ಊರಿನವರ ಮುಂದೆ ಕಂಪನಿ ಒಂದು ಬಹಿರಂಗ ಸಭೆ ಕರೆಯುವುದಿತ್ತು. ಅಲ್ಲಿ ಎದ್ದು ನಿಂತು ಕೇಳಬೇಕೆಂದು ಅವನು ಒಂದು ಪ್ರಶ್ನೆ ಸಿದ್ಧಮಾಡಿಕೊಂಡಿದ್ದ. ನೊರೆ ಹಚ್ಚಿದ ಮುಖದಲ್ಲೇ ಅದನ್ನು ಅಭ್ಯಾಸ ಮಾಡುತ್ತಿದ್ದ.

"ಕಟ್ಟೆ ಒಡೆದ್ರೆ ಕೆಸರು ನಮ್ಮ ಬೀದಿಗೆ ಬರೋಕೆ ಎಷ್ಟು ಹೊತ್ತು ಬೇಕು ಸ್ವಾಮೀ? ಅಷ್ಟು ಹೊತ್ತಲ್ಲಿ ಏಳಲಾರದ ನನ್ನ ತಾಯೀನ ಹೊತ್ಕೊಂಡು ನಾನು ಎಲ್ಲಿಗೆ ಓಡ್ಲಿ? ಹೇಗಿದೆ ಪ್ರಶ್ನೆ?"

"'ಸ್ವಾಮೀ' ಅನ್ನೋದು ಬೇಡ, ತೆಗೆದುಬಿಡು. ತಾಯಿ ಮಾತು ಆಡಿದ ಮೇಲೆ ಇನ್ನೇನೂ ಹೇಳ್ಬೇಡ, ಸುಮ್ನೆ ನಿಂತ್ಕೋ. ಆಗ ನಾಟುತ್ತೆ" ಎಂದ ಕ್ಷೌರಿಕ. ಇಬ್ಬರೂ ಸೇರಿ ಆ ಪ್ರಶ್ನೆಯನ್ನು ತಿದ್ದಿ ತೀಡಿ ಅಚ್ಚುಕಟ್ಟು ಮಾಡಿದರು.

ಅದೇ ದಿನ ಶೇವ್ ಮುಗಿದರೂ ಪೆಡಲಣ್ಣ ಕುರ್ಚಿಯಿಂದ ಏಳಲಿಲ್ಲ. ಅಪ್ಪ ಚಹಾ ತರಲು ಹೋಗಿದ್ದ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಒಂದು ಮಾತು. ನಿನ್ನ ಹೊಟ್ಟೇಲೇ ಇರ್ಲಿ" ಎಂದ. "ನನ್ನ ಕಣ್ಣು ಹೋಗ್ತಾ ಇದೆ ಕಣೋ. ಚಕ್ರದ ಕಡ್ಡಿ ಕಾಣಲ್ಲ. ಬೆರಳಲ್ಲಿ ಮುಟ್ಟಿ ಮುಟ್ಟಿ ಬ್ರೇಕ್ ಕಟ್ತೀನಿ. ಊರಿಗೆ ಗೊತ್ತಾದ್ರೆ ನನ್ನ ಕೈಗೆ ಸೈಕಲ್ ಕೊಡೋರು ಯಾರು?"

"ನಾನ್ಯಾಕೆ ಹೇಳ್ಲಿ?" ಎಂದ ಕ್ಷೌರಿಕ. ಹಾಗೆ ಹೇಳುವಾಗ ಅದು ನಿಜವೇ ಆಗಿತ್ತು.

ಎರಡು ಮೂರು ದಿನ ಅವನು ಬಾಯಿಗೆ ಬೀಗ ಹಾಕಿಕೊಂಡಿದ್ದ. ಆದರೆ ಆ ವಾರ ಅಂಗಡಿಯಲ್ಲಿ ಬೇರೆ ಸುದ್ದಿಯೇ ಇರಲಿಲ್ಲ. ಮೊದಲ ದಿನ ಹೆಂಡತಿ, "ಇಷ್ಟೇನಾ?" ಎಂದಳು. ಮರುದಿನ ಅದನ್ನೂ ಅನ್ನದೆ ಫೋನು ನೋಡುತ್ತ ಉಂಡಳು. ಮೂರನೆಯ ದಿನ ಅವನು ಬಾಯಿ ತೆರೆಯುವ ಮೊದಲೇ ತಟ್ಟೆ ಎತ್ತಿಕೊಳ್ಳಲು ಹೋದಳು.

"ಪೆಡಲಣ್ಣನ ಕಣ್ಣು ಹೋಗ್ತಾ ಇದೆಯಂತೆ" ಎಂದುಬಿಟ್ಟ.

ತಟ್ಟೆ ಮತ್ತೆ ಮೇಜಿಗೆ ಬಂತು. "ಅಯ್ಯೋ ಪಾಪ" ಎಂದಳು. ಆ ಮರುಕ ಸುಳ್ಳಾಗಿರಲಿಲ್ಲ. "ಆಪರೇಷನ್ ಮಾಡಿಸಿದ್ರೆ ಸರಿಹೋಗಬಹುದೇನೋ? ಡಾಕ್ಟರಿಗೆ ತೋರಿಸಿದ್ದಾನಂತಾ? ಯಾವಾಗಿಂದ ಅಂತೆ?"

ಗೊತ್ತಿದ್ದದ್ದನ್ನೆಲ್ಲ ಹೇಳಿದ. ಬೆರಳಲ್ಲಿ ಮುಟ್ಟಿ ಬ್ರೇಕ್ ಕಟ್ಟುವುದನ್ನು ಮಾಡಿಯೂ ತೋರಿಸಿದ. ಸಭೆಯಲ್ಲಿ ಕೇಳಬೇಕೆಂದಿರುವ ಪ್ರಶ್ನೆಯೂ ಅದರ ಬಾಲ ಹಿಡಿದು ಹೊರಗೆ ಬಂತು. ಅಪ್ಪ ಅರ್ಧಕ್ಕೇ ಎದ್ದು ಕೈ ತೊಳೆದುಕೊಂಡ. ಅವನ ತಟ್ಟೆಯಲ್ಲಿ ಮೊಟ್ಟೆ ಹಾಗೇ ಉಳಿದಿತ್ತು.

"ಅಜ್ಜ, ಊಟ?" ಎಂದಳು ಮಗಳು.

"ಸಾಕಮ್ಮ. ಹೊಟ್ಟೆ ತುಂಬಿತು."

ಕಂಪನಿಯ ವತಿಯಿಂದ ಊರಿನಲ್ಲಿ ಕಣ್ಣಿನ ತಪಾಸಣೆ ನಡೆಯಿತು. ಹೆಂಡತಿ ಖುದ್ದಾಗಿ ಪೆಡಲಣ್ಣನ ಮನೆಗೆ ಹೋಗಿ, ಅವನ ತಾಯಿಯ ಹಾಸಿಗೆಯ ಪಕ್ಕ ಕೂತು, ಹಣ್ಣು ಸುಲಿದು ಕೊಟ್ಟು ಬಂದಳು. ಪೆಡಲಣ್ಣನನ್ನು ಕಂಪನಿಯ ಕಾರು ನಗರದ ದೊಡ್ಡ ಆಸ್ಪತ್ರೆಗೆ ಕರೆದೊಯ್ದಿತು. ಅವನಿಲ್ಲದಷ್ಟು ದಿನ ಅವನ ತಾಯಿಯನ್ನು ನೋಡಿಕೊಳ್ಳಲು ಒಬ್ಬ ದಾದಿ ಕೂಡ ಬಂದಳು. ಮರಳಿ ಬಂದಾಗ ಅವನ ಕಣ್ಣಿಗೆ ಕಪ್ಪು ಕನ್ನಡಕವಿತ್ತು. ಹುಡುಗರು ಸಿನಿಮಾ ಹೀರೋ ಬಂದ ಎಂದು ಶಿಳ್ಳೆ ಹೊಡೆದರು. ಅವನು ನಗಲಿಲ್ಲ.

ಸಭೆಯ ದಿನ ಹಾಲ್ ತುಂಬಿ ಜನ ಬಾಗಿಲವರೆಗೆ ನಿಂತಿದ್ದರು. ವೇದಿಕೆಯ ಮೇಲೆ ಕಂಪನಿಯ ದೊಡ್ಡವರು, ಇಬ್ಬರು ಸರ್ಕಾರಿ ಅಧಿಕಾರಿಗಳು, ಮೈಕಿನ ಮುಂದೆ ಕ್ಷೌರಿಕನ ಹೆಂಡತಿ. ಎಲ್ಲ ವಿವರಿಸಿ ಮುಗಿಸಿ, "ಯಾರು ಏನು ಬೇಕಾದ್ರೂ ಕೇಳಬಹುದು. ಯಾವ ಸಂಕೋಚಾನೂ ಬೇಡ" ಎಂದಳು.

ಸಭೆಯಲ್ಲಿದ್ದ ತಲೆಗಳೆಲ್ಲ ಪೆಡಲಣ್ಣನ ಕಡೆಗೆ ತಿರುಗಿದವು. ಅವನು ತನ್ನ ಚಪ್ಪಲಿ ನೋಡುತ್ತ ಕೂತಿದ್ದ. ಹಾಲಿನವನು ಕೆಮ್ಮಿದ. ಲಾರಿ ಡ್ರೈವರು ಕಿಟಕಿಯಾಚೆ ನೋಡಿದ. ಯಾರೋ ಹಿಂದಿನಿಂದ, "ಏಯ್ ಪೆಡಲಣ್ಣ, ಏಳಪ್ಪ" ಎಂದರು. ಅವನು ಏಳಲಿಲ್ಲ.

ಆ ಪ್ರಶ್ನೆ ಕ್ಷೌರಿಕನಿಗೆ ಅಕ್ಷರಕ್ಷರವೂ ಬಾಯಿಪಾಠವಾಗಿತ್ತು. ಎಲ್ಲಿ ತಡೆಯಬೇಕು, ಎಲ್ಲಿ ಸುಮ್ಮನೆ ನಿಲ್ಲಬೇಕು ಎಂಬುದೂ ಗೊತ್ತಿತ್ತು. ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ವೇದಿಕೆಯ ಮೇಲಿಂದ ಹೆಂಡತಿ ಅವನತ್ತ ನೋಡಿದಳು. ಗದರುವ ನೋಟವೂ ಅಲ್ಲ, ಬೇಡುವ ನೋಟವೂ ಅಲ್ಲ, ನೆಂಟರ ಮನೆಯಲ್ಲಿ ಇನ್ನು ಸಾಕೆಂದು ಗಂಡನ ತಟ್ಟೆಯ ಕಡೆ ನೋಡುವಂಥ ನೋಟ. ಅವನು ಕಾಲ ಮೇಲೆ ಕಾಲು ಹಾಕಿಕೊಂಡ. ಆಮೇಲೆ ತೆಗೆದ. ಆಕ್ಷೇಪಣೆ ಯಾವುದೂ ಬಂದಿಲ್ಲವೆಂದು ಅಧಿಕಾರಿ ಓದಿ ಹೇಳಿದ. ಚಪ್ಪಾಳೆ ಬಿತ್ತು. ಅದರಲ್ಲಿ ಕ್ಷೌರಿಕನ ಎರಡು ಕೈಗಳೂ ಇದ್ದವು.

ಮನೆಗೆ ಬಂದ ಮೇಲೆ ಜಗಳವಾಯಿತು.

"ಅವನ ಬಾಯಿ ಮುಚ್ಚಿಸಿದೆಯಲ್ಲ ನೀನು" ಎಂದ ಕ್ಷೌರಿಕ.

"ನಾನಾ? ಕೇಳಬೇಡಿ ಅಂತ ಒಂದು ಮಾತು ಅಂದಿಲ್ಲ. ಬೇಕಾದ್ರೆ ಹೋಗಿ ಅವನನ್ನೇ ವಿಚಾರಿಸಿ. ಕುರುಡಾಗೋನಿಗೆ ಕಣ್ಣು ಬಂತು, ಅದು ತಪ್ಪಾ?"

"ನನಗೆ ಮಾತ್ರ ಹೇಳಿದ್ದ ಅವನು."

"ನೀವು ನನಗೆ ಹೇಳಿದ್ರಿ. ನಾನೇನು ನಿಮ್ಮ ಗಂಟಲಿಗೆ ಕೈ ಹಾಕಿ ತೆಗೆದ್ನಾ?" ಅವಳು ಪಾತ್ರೆಯನ್ನು ಸಿಂಕಿನಲ್ಲಿ ಕುಕ್ಕಿದಳು. "ಹಿಂದೆ ಕಂಪನಿಯವರು ಜನರ ಮಾತು ಕೇಳಲ್ಲ ಅಂತ ಬೈತಿದ್ರಿ. ಈಗ ಕೇಳ್ತಾರೆ ಅಂತ ಬೈತೀರಿ. ಈ ಸಂಬಳದಲ್ಲೇ ಮಗಳ ಫೀಸು ಕಟ್ಟಿದ್ದು, ಮರೀಬೇಡಿ."

ಅವಳು ಹೇಳಿದ್ದರಲ್ಲಿ ಸುಳ್ಳೆಂಬುದು ಒಂದೂ ಇರಲಿಲ್ಲ.

ಆ ವಾರ ಪೆಡಲಣ್ಣ ಶೇವಿಗೆ ಬಂದ. ಕಪ್ಪು ಕನ್ನಡಕ ತೆಗೆದು ಜೇಬಿಗಿಟ್ಟು ಕನ್ನಡಿ ನೋಡಿದ. ಕ್ಷೌರಿಕ ನೊರೆ ಹಚ್ಚಿ, ಕತ್ತಿ ಆಡಿಸಿ, ಮುಖ ಒರೆಸಿದ. ಆಮೇಲೆ ಪೆಡಲಣ್ಣನೇ ಬಾಯಿ ತೆರೆದ.

"ನಿಮ್ಮಾಕೆ ಒಳ್ಳೇ ಹೆಂಗಸು. ನನ್ನ ತಾಯಿ ಬಾಯಿಗೆ ಹಣ್ಣು ಇಟ್ಟಳು. ಏನೂ ಬೇಡಲಿಲ್ಲ. ಬೇಡಿದ್ರೆ ನನಗೆ ಸಲೀಸಾಗಿರ್ತಿತ್ತು, ಬೈದು ಕಳಿಸ್ತಿದ್ದೆ. ಕಣ್ಣು ಕೊಟ್ಟೋರ ಎದುರು ನಿಂತು ನಿಮ್ಮ ಕಟ್ಟೆ ಒಡೆದ್ರೆ ಅಂತ ಹೇಗೋ ಕೇಳ್ಲಿ?" ಕನ್ನಡಕವನ್ನು ಮತ್ತೆ ಕಣ್ಣಿಗೇರಿಸಿ, "ನಿನ್ನ ಹತ್ರ ಮಾತ್ರ ಹೇಳಿದ್ದೆ" ಎಂದ.

ಕ್ಷೌರಿಕ ಟವೆಲ್ ಮಡಿಸಿದ. ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದ. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಪೆಡಲಣ್ಣ ಬೈಯಲಿಲ್ಲ. ಬೈಗುಳದ ಬದಲು ಶೇವಿನ ದುಡ್ಡನ್ನು ಮೇಜಿನ ಮೇಲಿಟ್ಟು ಹೋದ. ಇಷ್ಟು ವರ್ಷಗಳಲ್ಲಿ ಅವನು ದುಡ್ಡು ಕೊಟ್ಟದ್ದು ಅದೇ ಮೊದಲು.

ಪೆಡಲಣ್ಣ ಯಾರಿಗಾದರೂ ಹೇಳಿದನೋ, ಜನ ತಾವೇ ಲೆಕ್ಕ ಹಾಕಿಕೊಂಡರೋ, ಅಂತೂ ಅಂಗಡಿ ಮೂಕವಾಯಿತು. ಜನ ಬರುವುದೇನೂ ನಿಲ್ಲಲಿಲ್ಲ, ಕೂದಲು ಬೆಳೆಯುವುದು ನಿಲ್ಲುತ್ತದೆಯೇ? ಬಂದು "ಕಟಿಂಗ್" ಎನ್ನುತ್ತಿದ್ದರು, ಮುಗಿದ ಮೇಲೆ "ಎಷ್ಟು?" ಎನ್ನುತ್ತಿದ್ದರು. ನಡುವೆ ಕತ್ತರಿಯ ಸದ್ದು. ಹಾಲಿನವನು ಕುರ್ಚಿಯಲ್ಲಿ ಕೂತ ಕೂಡಲೇ ಕಣ್ಣು ಮುಚ್ಚಿ ನಿದ್ದೆಯ ನಟನೆ ಮಾಡುತ್ತಿದ್ದ. ಕ್ಷೌರಿಕ ಒಂದು ರೇಡಿಯೋ ತಂದಿಟ್ಟ. ಒಂದು ದಿನ ಗಣಿಯ ಸುದ್ದಿ ಬಂದಾಗ ಮೂವರು ಗಿರಾಕಿಗಳೂ ಅವನ ಕಡೆ ನೋಡಿದರು. ಅವನೇ ಹೋಗಿ ಅದನ್ನು ಆರಿಸಿದ.

ಅದಾದ ಮೇಲಿನ ಪೆಟ್ಟು ಅಪ್ಪನದು. ಅಪ್ಪನ ಗಡ್ಡವನ್ನು ಮಗನೇ ತೆಗೆಯುತ್ತಿದ್ದ. ಒಂದು ಮಧ್ಯಾಹ್ನ ಅಪ್ಪ ಅಂಗಡಿಗೆ ಬರಲಿಲ್ಲ. ಸಂಜೆ ಕ್ಷೌರಿಕ ಮನೆಗೆ ಬಂದಾಗ ಅಪ್ಪನ ಕೆನ್ನೆ ನುಣ್ಣಗಿತ್ತು. ಬಸ್ ನಿಲ್ದಾಣದ ಹತ್ತಿರದ ಇನ್ನೊಂದು ಅಂಗಡಿಗೆ ಹೋಗಿದ್ದನಂತೆ.

"ಅಪ್ಪಾ, ಊರವರು ನೋಡಿದ್ರೆ ಏನಂದ್ಕೋತಾರೆ? ನನ್ನ ಕೈಗೆ ಏನಾಗಿದೆ?"

"ನಿನ್ನ ಕೈ ಚೆನ್ನಾಗೇ ಇದೆ" ಎಂದ ಅಪ್ಪ. "ನನಗೂ ಒಂದೆರಡು ಮಾತು ಆಡಬೇಕಿತ್ತು."

ಕ್ಷೌರಿಕ ತಲೆ ತಗ್ಗಿಸಿ ಚಪ್ಪಲಿ ಬಿಚ್ಚಿದ. ಹೆಂಡತಿ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು.

ಗುಡ್ಡದ ಮೇಲೆ ಕಟ್ಟೆಯ ಕೆಲಸ ಶುರುವಾಯಿತು. ಕೆಳಗಿನ ಬೀದಿಯಲ್ಲಿ ಗುಸುಗುಸು ಎದ್ದಿದೆ, ಅಲ್ಲಿನ ಹೆಂಗಸರು ಸೇರಿ ಏನೋ ಮಾಡಲಿದ್ದಾರೆ ಎಂದು ಕಂಪನಿಗೆ ಸುಳಿವು ಸಿಕ್ಕಿತ್ತು. ಆ ಏನೋ ಏನೆಂದು ಹೆಂಡತಿ ತಿಳಿದುಕೊಂಡು ಬರಬೇಕಿತ್ತು. ಅವಳು ಬೀದಿಗೆ ಕಾಲಿಟ್ಟರೆ ಬಾಗಿಲುಗಳು ತೆರೆಯುತ್ತಿದ್ದವು, ಚಹಾ ಬರುತ್ತಿತ್ತು, ಮಾತು ಮಾತ್ರ ಬರುತ್ತಿರಲಿಲ್ಲ. ಒಂದು ಸಂಜೆ ನಾಲ್ವರೂ ಊಟಕ್ಕೆ ಕೂತಾಗ ಅವಳು ಅಭ್ಯಾಸದಂತೆ ಗಂಡನ ಕಡೆ ನೋಡಿದಳು.

"ಏನೂ ಇಲ್ಲ" ಎಂದ ಅವನು.

ಅವಳು ಮಗಳ ತಟ್ಟೆಗೆ ಬೇಳೆ ಹಾಕುತ್ತ ಕೇಳಿದಳು. "ನಿನ್ನ ಪಕ್ಕ ಕೂರೋ ಹುಡುಗಿ ಕೆಳಗಿನ ಬೀದಿಯವಳು ತಾನೆ? ಅವರ ಮನೇಲಿ ಕಟ್ಟೆ ವಿಷಯ ಏನಂತಾರೆ?"

ಮಗಳ ಮುಖ ಅರಳಿತು. ಮಾರ್ಕ್ಸು, ಹೋಂವರ್ಕು ಬಿಟ್ಟು ಅಮ್ಮ ಅವಳನ್ನು ಬೇರೇನನ್ನೂ ವಿಚಾರಿಸಿದ್ದೇ ಇರಲಿಲ್ಲ. ಅವಳು ತಟ್ಟೆ ಸರಿಸಿ, ನೆಟ್ಟಗೆ ಕೂತು, "ಅಯ್ಯೋ ಅಮ್ಮ, ಅವಳ ಅಜ್ಜಿ ಇದಾರಲ್ಲ, ಹೀಗೆ ಕೋಲು ಹಿಡ್ಕೊಂಡು..." ಎಂದು ಬೆನ್ನು ಬಗ್ಗಿಸಿ, ದವಡೆ ಆಡಿಸಿ, ಮುದುಕಿಯ ದನಿ ತೆಗೆದಳು. ಕ್ಷೌರಿಕನಿಗೆ ಅವಳ ದನಿ ಕೇಳಿಸಲಿಲ್ಲ. ಅವಳ ಕಣ್ಣಿನಲ್ಲಿ ಮಿನುಗುತ್ತಿದ್ದ ಖುಷಿಯೊಂದೇ ಕಂಡಿತು. ಆ ಖುಷಿ ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಹೇಳ್ಬೇಡ!" ಎಂದ. ದನಿ ಎಷ್ಟು ಜೋರಾಯಿತೆಂದರೆ ಲೋಟ ಅಲುಗಿತು.

"ಯಾಕೆ? ಮಗು ಮಾತಾಡ್ಲಿ ಬಿಡಿ" ಎಂದಳು ಹೆಂಡತಿ.

"ಮಾತಾಡಿದ್ರೆ ಅದು ಇಲ್ಲಿಗೇ ನಿಲ್ಲಲ್ಲ." ಅವನು ಮಗಳ ಕಡೆ ತಿರುಗಿದ. "ನಾನು ಹೇಳಿದ್ದೆಲ್ಲ ನಿಮ್ಮಮ್ಮನ ಆಫೀಸಿಗೆ ಹೋಗ್ತಿತ್ತು. ಪೆಡಲಣ್ಣ ಅವತ್ತು ಸಭೇಲಿ ಯಾಕೆ ಎದ್ದು ನಿಲ್ಲಲಿಲ್ಲ ಗೊತ್ತಾ? ಅವನ ಕಣ್ಣಿನ ವಿಷಯ ನಾನು ಇದೇ ಮೇಜಿನ ಮುಂದೆ ಕೂತು ಹೇಳಿಬಿಟ್ಟಿದ್ದೆ. ಯಾರಿಗೂ ಹೇಳಲ್ಲ ಅಂತ ಅವನಿಗೆ ಮಾತು ಕೊಟ್ಟು ಬಂದು ಹೇಳಿದ್ದು."

ಮಗಳು ಅಮ್ಮನನ್ನು ನೋಡಿದಳು, ಅಪ್ಪನನ್ನು ನೋಡಿದಳು. "ಅಮ್ಮ ಆಫೀಸಲ್ಲಿ ಹೇಳ್ತಾರೆ ಅಂತ ನಿಮಗೆ ಗೊತ್ತಿರಲಿಲ್ವಾ?"

ಇಲ್ಲ ಎಂದುಬಿಟ್ಟರೆ ಮುಗಿದುಹೋಗುತ್ತಿತ್ತು. ಹೆಂಡತಿ ಕೂಡ ಬಹುಶಃ ಅಲ್ಲವೆನ್ನುತ್ತಿರಲಿಲ್ಲ. ಅಜ್ಜ ತಟ್ಟೆಯ ಮೇಲೆ ನಡುಗುವ ಕೈ ಇಟ್ಟುಕೊಂಡು ಕೂತಿದ್ದ.

"ಗೊತ್ತಿತ್ತು" ಎಂದ ಕ್ಷೌರಿಕ. "ಹಾಲು ಕರೆಯೋ ಹೊತ್ತಿಗೆ ಯಂತ್ರ ನಿಂತಿತಲ್ಲ, ಅವತ್ತಿಂದ ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ತಿದ್ರಿ?"

ಅವನು ಹೆಂಡತಿಯ ಮುಖ ನೋಡಲಾರದೆ ಮೇಜು ನೋಡಿದ. "ನಾನು ಮಾತಾಡಿದ್ರೆ ನಿಮ್ಮಮ್ಮ ಎದ್ದು ಹೋಗ್ತಿರಲಿಲ್ಲ ಕಣಮ್ಮ. ಅಷ್ಟಕ್ಕೇ."

ಹೆಂಡತಿಯ ಕೈಯಲ್ಲಿ ಸೌಟು ಹಾಗೇ ನಿಂತಿತ್ತು. ಕೊನೆಗೆ ಮಗಳ ಕಡೆ ತಿರುಗಿ, ದನಿ ತಗ್ಗಿಸಿ, "ನೀನು ಊಟ ಮಾಡು ಪುಟ್ಟ. ಅಜ್ಜಿ ವಿಷಯ ಏನೋ ಹೇಳ್ತಿದ್ದೆ..." ಎಂದಳು. ಹೇಳಿದ ಮೇಲೆ ಅವಳಿಗೇ ಮುಖ ಕೆಂಪೇರಿತು.

"ಏನಿಲ್ಲ" ಎಂದಳು ಮಗಳು. "ಅವರ ಮನೇಲಿ ಯಾರೂ ಏನೂ ಅನ್ನಲ್ಲ."

ಅವಳು ತಟ್ಟೆ ಎತ್ತಿಕೊಂಡು, ಕುರ್ಚಿಯನ್ನು ಎಳೆದುಕೊಂಡು ಹೋಗಿ ಅಜ್ಜನ ಪಕ್ಕ ಕೂತಳು. ಎರಡು ತುತ್ತು ತಿಂದ ಮೇಲೆ ಅವನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಏನೋ ಹೇಳಿದಳು. ಅಜ್ಜ ತಲೆಯಾಡಿಸಿದ. ಅದೇನೆಂದು ಗಂಡನೂ ವಿಚಾರಿಸಲಿಲ್ಲ, ಹೆಂಡತಿಯೂ ವಿಚಾರಿಸಲಿಲ್ಲ.